ಮೂಡಲ್‌ಗೆ ಪ್ಲಗಿನ್ ಬರೆಸುವ ಮೊದಲು ಅದು ಯಾವ ಬಗೆಯದು ಎಂದು ಕೇಳಿ

ದಾವಣಗೆರೆ, ಚಿತ್ರದುರ್ಗದ ಕಾಲೇಜುಗಳಿಗೆ ಮೂಡಲ್ (ಪಾಠ, ಕ್ವಿಜ್, ಅಂಕಗಳನ್ನು ಆನ್‌ಲೈನಿನಲ್ಲಿ ನಡೆಸುವ ವ್ಯವಸ್ಥೆ) ಹಾಕಿಸಿಕೊಳ್ಳುವುದು ಈಗ ದೊಡ್ಡ ಮಾತಲ್ಲ. ಲೈಸೆನ್ಸಿಗೆ ದುಡ್ಡಿಲ್ಲ, 2002ರಿಂದ ನಡೆದುಕೊಂಡು ಬಂದಿರುವ ಸಾಫ್ಟ್‌ವೇರ್, ಲಿನಕ್ಸ್ ಗೊತ್ತಿರುವ ಒಬ್ಬರಿದ್ದರೆ ಒಂದು ದಿನದ ಕೆಲಸ. ತಲೆನೋವು ಶುರುವಾಗುವುದು ಆಮೇಲೆ. ಎಚ್‌ಒಡಿಗೆ ಹಾಜರಾತಿ ಪಟ್ಟಿ ಬೇಕು, ಎಕ್ಸಾಮ್ ಸೆಕ್ಷನ್‌ಗೆ ಇಂಟರ್ನಲ್ಸ್ ಅಂಕ ಬೇಕು, ಫೀಸ್ ಕಟ್ಟದವರಿಗೆ ಕೋರ್ಸ್ ಕಾಣಬಾರದು ಎಂದು ಆಫೀಸಿನವರು ಪಟ್ಟು ಹಿಡಿಯುತ್ತಾರೆ. ಆಗ ಬರುವ ಮಾತು ಒಂದೇ: ‘ಅದಕ್ಕೊಂದು ಪ್ಲಗಿನ್ ಬರೆಸಿಬಿಡಿ.’

ಇಲ್ಲಿ ನೋಡುತ್ತಿರುವುದು ಮೂಡಲ್‌ನ ಆ ಪ್ಲಗಿನ್ ವ್ಯವಸ್ಥೆಯನ್ನು. ಪ್ಲಗಿನ್ ಎಂದರೆ ಮೂಲ ಸಾಫ್ಟ್‌ವೇರಿಗೆ ಹೊರಗಿನಿಂದ ಜೋಡಿಸುವ ಕೋಡಿನ ತುಂಡು. ತೀರ್ಪು ಮೊದಲೇ ಹೇಳಿಬಿಡಬಹುದು: ಐದಕ್ಕೆ ನಾಲ್ಕು. ಅಡಿಪಾಯ ಗಟ್ಟಿಯಾಗಿದೆ, ಕೋರ್, ಅಂದರೆ ಮೂಡಲ್‌ನ ಮೂಲ ಫೈಲುಗಳಿಗೆ ಕೈ ಹಾಕದೆ ಬಹುತೇಕ ಎಲ್ಲವನ್ನೂ ಮಾಡಬಹುದು. ಒಂದು ಅಂಕ ಕಳೆದದ್ದು ಆಯ್ಕೆಯ ಗೊಂದಲಕ್ಕೆ. ಪ್ಲಗಿನ್ ಬಗೆಗಳೇ ಐವತ್ತಕ್ಕೂ ಹೆಚ್ಚಿವೆ, ನಿಮ್ಮ ಕೆಲಸಕ್ಕೆ ಯಾವುದು ಸರಿ ಎಂದು ಮೂಡಲ್ ತಾನಾಗಿ ಎಲ್ಲೂ ಹೇಳುವುದಿಲ್ಲ. ಆಯ್ಕೆ ಬರೆಯುವವರ ಕೈಗೆ ಹೋಗುತ್ತದೆ, ಬರೆಯುವವರಿಗೆ ಎಲ್ಲಕ್ಕಿಂತ ಸುಲಭ ‘ಲೋಕಲ್’ ಎಂಬ, ನಿಗದಿತ ಚೌಕಟ್ಟಿಲ್ಲದ ಬಗೆ. ಹೀಗಾಗಿ ಹಾಜರಾತಿಯೂ ಲೋಕಲ್, ಫೀಸೂ ಲೋಕಲ್, ಎಸ್‌ಎಂಎಸ್ಸೂ ಲೋಕಲ್.

ಸುಲಭವಾದದ್ದನ್ನು ಆರಿಸಿಕೊಂಡರೆ ತಪ್ಪೇನು ಎನ್ನಬಹುದು. ಪ್ಲಗಿನ್‌ನ ಬಗೆ ಅದರ ಹೆಸರಿನಲ್ಲೇ ಸೇರಿರುತ್ತದೆ, ತೊಂದರೆ ಅಲ್ಲಿದೆ. ‘ಲೋಕಲ್_ಹಾಜರಿ’ ಎಂದು ಶುರು ಮಾಡಿದರೆ ಡೇಟಾಬೇಸ್ ಟೇಬಲ್‌ಗಳು, ಪರ್ಮಿಷನ್‌ಗಳು, ಸೆಟ್ಟಿಂಗ್‌ಗಳು, ಅಪ್‌ಲೋಡ್ ಆದ ಫೈಲುಗಳು ಎಲ್ಲವೂ ಆ ಹೆಸರಿನಡಿ ಕೂರುತ್ತವೆ. ಎರಡು ಸೆಮಿಸ್ಟರ್ ಕಳೆದ ಮೇಲೆ ‘ಇದು ಆಕ್ಟಿವಿಟಿ (ಕ್ವಿಜ್‌ನಂತೆ ಕೋರ್ಸಿನೊಳಗೆ ಕೂರುವ ಬಗೆ) ಆಗಬೇಕಿತ್ತು’ ಎಂದು ಹೊಳೆದರೆ ಬಗೆ ಬದಲಿಸುವ ಗುಂಡಿ ಎಲ್ಲೂ ಇಲ್ಲ. ಹೊಸ ಪ್ಲಗಿನ್ ಬರೆಯಬೇಕು, ಹಳೆಯ ಟೇಬಲ್‌ಗಳಿಂದ ಮಾಹಿತಿಯನ್ನು ಸ್ಕ್ರಿಪ್ಟ್ ಬರೆದು ಸಾಗಿಸಬೇಕು, ಪರ್ಮಿಷನ್‌ಗಳನ್ನು ಮತ್ತೆ ಕೊಡಬೇಕು.

ಇನ್ನೊಂದು ನಷ್ಟ ಕಣ್ಣಿಗೆ ಬೀಳುವುದಿಲ್ಲ. ಪ್ರತಿಯೊಂದು ಬಗೆಯ ಜೊತೆಗೂ ಮೂಡಲ್ ಕೆಲವು ಸೌಕರ್ಯಗಳನ್ನು ಪುಕ್ಕಟೆ ಕೊಡುತ್ತದೆ. ಆಕ್ಟಿವಿಟಿ ಮಾಡ್ಯೂಲ್ ಆದರೆ ಕೋರ್ಸ್ ಪುಟದಲ್ಲಿ ಜಾಗ, ಗ್ರೇಡ್‌ಬುಕ್‌ನಲ್ಲಿ (ಅಂಕಗಳ ಪಟ್ಟಿಯಲ್ಲಿ) ಕಾಲಂ, ಮುಗಿಸಿದವರಿಗೆ ಕಂಪ್ಲೀಷನ್ ಗುರುತು, ಗುಂಪು, ‘ಇಂಥವರಿಗೆ ಮಾತ್ರ ಕಾಣಲಿ’ ಎಂಬ ನಿರ್ಬಂಧ, ಬ್ಯಾಕಪ್‌ಗೆ ಸಿದ್ಧ ಚೌಕಟ್ಟು ಎಲ್ಲ ಸಿಗುತ್ತವೆ. ಲೋಕಲ್ ಆದರೆ ಇವೆಲ್ಲವನ್ನೂ ಕೈಯಿಂದಲೇ ಬರೆಯಬೇಕು. ಸಾಮಾನ್ಯವಾಗಿ ಯಾರೂ ಬರೆಯುವುದಿಲ್ಲ.

ಬಗೆ ಆರಿಸುವ ಮುಂಚೆ ಇನ್ನೊಂದು ಪ್ರಶ್ನೆ ಇದೆ: ಪ್ಲಗಿನ್ ಬೇಕೇ? ‘ಯುಎಸ್‌ಎನ್‌ನಿಂದ (ವಿಶ್ವವಿದ್ಯಾಲಯ ಕೊಡುವ ವಿದ್ಯಾರ್ಥಿ ಸಂಖ್ಯೆಯಿಂದ) ಲಾಗಿನ್ ಆಗಬೇಕು, ಅದಕ್ಕೊಂದು ಅಥೆಂಟಿಕೇಷನ್ ಪ್ಲಗಿನ್’ ಎಂಬ ಬೇಡಿಕೆ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸಾಮಾನ್ಯ. ಅಗತ್ಯವಿಲ್ಲ. ಯುಎಸ್‌ಎನ್ ಅನ್ನೇ ಯೂಸರ್‌ನೇಮ್ ಮಾಡಿ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಟ್ಟಿಯ) ಫೈಲಿನಿಂದ ಎಲ್ಲರನ್ನೂ ಸೇರಿಸಿದರೆ ಮುಗಿಯಿತು. ಒಂದೇ ಎಚ್ಚರಿಕೆ: ಮೂಡಲ್‌ನಲ್ಲಿ ಯೂಸರ್‌ನೇಮ್ ಸಣ್ಣ ಅಕ್ಷರದಲ್ಲೇ ಇರಬೇಕು, ಯುಎಸ್‌ಎನ್ ಬರೆಯುವುದು ದೊಡ್ಡ ಅಕ್ಷರದಲ್ಲಿ. ಸಿಎಸ್‌ವಿ ಅಪ್‌ಲೋಡ್ ಪುಟದಲ್ಲಿ ಯೂಸರ್‌ನೇಮ್‌ಗಳನ್ನು ಸ್ಟ್ಯಾಂಡರ್ಡೈಸ್ ಮಾಡುವ ಆಯ್ಕೆ ಹಚ್ಚಿದ್ದರೆ ತಾನೇ ಇಳಿಸಿಕೊಳ್ಳುತ್ತದೆ. ವೆಬ್ ಸರ್ವೀಸ್ ಮೂಲಕ, ಅಂದರೆ ಬೇರೊಂದು ಸಾಫ್ಟ್‌ವೇರಿನಿಂದ ನೇರವಾಗಿ ಸೇರಿಸಿದರೆ ಎರರ್ ಕೊಟ್ಟು ನಿಲ್ಲುತ್ತದೆ. ವಿದ್ಯಾರ್ಥಿ ಲಾಗಿನ್ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಹೊಡೆದರೂ ನಡೆಯುತ್ತದೆ, ಅಲ್ಲಿ ಮೂಡಲ್ ಸಣ್ಣದಾಗಿಸಿಯೇ ಹುಡುಕುತ್ತದೆ. ಪಾಸ್‌ವರ್ಡ್‌ಗೆ ಈ ರಿಯಾಯಿತಿ ಇಲ್ಲ.

‘ರಿಪೋರ್ಟ್ ಬೇಕು’ ಎಂಬುದೂ ಹಾಗೆಯೇ. 4.0 ಆವೃತ್ತಿಯಿಂದ ಕಸ್ಟಮ್ ರಿಪೋರ್ಟ್ ಕಟ್ಟುವ ಸೌಲಭ್ಯ ಮೂಡಲ್‌ನಲ್ಲೇ ಇದೆ. ಕಾಲಂ ಎಳೆದು ಹಾಕಿ, ಫಿಲ್ಟರ್ ಕೊಟ್ಟು, ವಾರಕ್ಕೊಮ್ಮೆ ಎಚ್‌ಒಡಿಗೆ ಮೇಲ್ ಹೋಗುವಂತೆ ಸಮಯ ಹಚ್ಚಬಹುದು. ಕೇಳಿದ ರಿಪೋರ್ಟ್‌ಗಳಲ್ಲಿ ಅರ್ಧ ಇಲ್ಲೇ ಮುಗಿಯುತ್ತವೆ. ಲ್ಯಾಬ್ ಒಳಗೆ ಕೂತವರಿಗೆ ಮಾತ್ರ ಕ್ವಿಜ್ ತೆರೆಯಬೇಕು ಎಂಬುದಕ್ಕೂ ಪ್ಲಗಿನ್ ಬೇಡ, ಕ್ವಿಜ್ ಸೆಟ್ಟಿಂಗ್‌ನಲ್ಲಿ ನೆಟ್‌ವರ್ಕ್ ವಿಳಾಸದ ನಿರ್ಬಂಧ ಇದೆ. ಸರ್ವರ್ ಕಾಲೇಜಿನ ಒಳಗೇ ಇದ್ದರೆ 192.168.10. ಎಂದು ಮೊದಲ ಭಾಗ ಕೊಟ್ಟರೆ ಸಾಕು. ಸರ್ವರ್ ಕ್ಲೌಡ್‌ನಲ್ಲಿದ್ದರೆ ಅದು ಕೆಲಸ ಮಾಡುವುದಿಲ್ಲ, ಏಕೆಂದರೆ ಅಲ್ಲಿಗೆ ತಲುಪುವುದು ಕಾಲೇಜಿನ ಹೊರಗಿನ ಐಪಿ ಮಾತ್ರ. ಅದನ್ನೇ ಕೊಟ್ಟರೂ, ಹಾಸ್ಟೆಲ್ ವೈಫೈ ಅದೇ ಲೈನಿನದ್ದಾದರೆ ಲ್ಯಾಬ್ ಯಾವುದು, ಹಾಸ್ಟೆಲ್ ಯಾವುದು ಎಂದು ಮೂಡಲ್‌ಗೆ ತಿಳಿಯದು.

ಇನ್ನು ಹಾಜರಾತಿ. ಬಗೆಯ ಆಯ್ಕೆ ಎಷ್ಟು ಮುಖ್ಯ ಎಂಬುದು ಇಲ್ಲಿ ಚೆನ್ನಾಗಿ ಕಾಣುತ್ತದೆ. ಹಾಜರಾತಿ ಹುಟ್ಟುವುದು ಒಂದು ಕೋರ್ಸಿನ ಒಂದು ತರಗತಿಯಲ್ಲಿ, ಹಾಕುವವರು ಆ ಕೋರ್ಸಿನ ಮೇಷ್ಟ್ರು, ಅದಕ್ಕೊಂದು ಶೇಕಡಾವಾರು ಅಂಕವಿದೆ. ಕೋರ್ಸಿನೊಳಗೆ ಹುಟ್ಟುವ, ಅಂಕ ಇರುವ ಯಾವುದೇ ವಸ್ತುವಿಗೆ ಆಕ್ಟಿವಿಟಿ ಮಾಡ್ಯೂಲೇ ಸರಿ. ಅಂಥದ್ದೊಂದು ‘ಅಟೆಂಡೆನ್ಸ್’ ಎಂಬ ಹೆಸರಿನಲ್ಲಿ ಮೂಡಲ್ ಪ್ಲಗಿನ್ ಡೈರೆಕ್ಟರಿಯಲ್ಲಿ ಪುಕ್ಕಟೆ ಸಿಗುತ್ತದೆ. ಸೆಷನ್‌ಗಳನ್ನು ಒಟ್ಟಿಗೆ ಸೇರಿಸಬಹುದು, ಕ್ಯೂಆರ್ ಕೋಡ್ ತೋರಿಸಿ ವಿದ್ಯಾರ್ಥಿಗಳೇ ಗುರುತು ಹಾಕುವಂತೆ ಮಾಡಬಹುದು. ಕೋಡಿನ ಫೋಟೋ ವಾಟ್ಸ್ಆ್ಯಪ್‌ನಲ್ಲಿ ಹಾಸ್ಟೆಲ್‌ಗೆ ಹೋಗದಿರಲು ಕೋಡ್ ಬದಲಾಗುತ್ತಿರುವ ಆಯ್ಕೆಯೂ ಇದೆ.

ಅದು ಗ್ರೇಡ್‌ಬುಕ್‌ಗೆ ಅಂಕ ಕಳಿಸುತ್ತದೆ ಎಂಬುದರಲ್ಲೇ ಅರ್ಧ ಕೆಲಸ ಮುಗಿದಿದೆ. ವಿಟಿಯು ಕಾಲೇಜಿನಲ್ಲಿ ಶೇ 85 ಹಾಜರಾತಿ ಇಲ್ಲದವರಿಗೆ ಒಂದು ಕ್ವಿಜ್ ಮುಚ್ಚಿಡಬೇಕಾದರೆ, ಆ ಕ್ವಿಜ್‌ನ ನಿರ್ಬಂಧದಲ್ಲಿ ‘ಗ್ರೇಡ್’ ಆರಿಸಿ, ಅಟೆಂಡೆನ್ಸ್ ಹೆಸರು ಕೊಟ್ಟು, ಕನಿಷ್ಠ 85 ಎಂದು ಬರೆದರೆ ಆಯಿತು. ಆ ಪೆಟ್ಟಿಗೆ ಕೇಳುವುದು ಶೇಕಡಾವಾರು, ಮೂಲ ಅಂಕವಲ್ಲ. ಒಂದು ಸಾಲು ಕೋಡ್ ಕೂಡ ಬೇಡ. ಇದೇ ಹಾಜರಾತಿಯನ್ನು ಲೋಕಲ್ ಪ್ಲಗಿನ್‌ನಲ್ಲಿ ಕಟ್ಟಿದವರು ಇದೇ ಕೆಲಸಕ್ಕೆ ಇನ್ನೊಂದು ಅವೈಲಬಿಲಿಟಿ (ಯಾರಿಗೆ ಕಾಣಬೇಕು ಎಂದು ನಿರ್ಧರಿಸುವ) ಪ್ಲಗಿನ್ ಬರೆಯಬೇಕು, ಏಕೆಂದರೆ ಅವರ ಶೇಕಡಾವಾರು ಗ್ರೇಡ್‌ಬುಕ್‌ಗೆ ಗೊತ್ತೇ ಇಲ್ಲ.

ಇಡೀ ಕಾಲೇಜಿನ ಹಾಜರಾತಿಯನ್ನು ಪ್ರಿನ್ಸಿಪಾಲರು ಒಂದೇ ಪುಟದಲ್ಲಿ ನೋಡಬೇಕು ಎಂದರೆ ಅದು ಇನ್ನೊಂದು ಬಗೆ: ರಿಪೋರ್ಟ್. ಮಾಹಿತಿ ಹುಟ್ಟುವ ಪ್ಲಗಿನ್ ಬೇರೆ, ನೋಡುವ ಪ್ಲಗಿನ್ ಬೇರೆ. ಎರಡನ್ನೂ ಒಂದರಲ್ಲೇ ತುರುಕಿದರೆ ನಾಳೆ ಒಂದನ್ನು ಬದಲಿಸಲು ಹೋದಾಗ ಇನ್ನೊಂದು ಮುರಿಯುತ್ತದೆ.

ಆಕ್ಟಿವಿಟಿ ಬರೆಯುವುದು ಎಲ್ಲಕ್ಕಿಂತ ಹೆಚ್ಚು ಕೆಲಸ ಎಂಬುದೂ ನಿಜ. ಸೇರಿಸುವ, ತಿದ್ದುವ, ಅಳಿಸುವ ಮೂರು ಫಂಕ್ಷನ್, ಒಂದು ಫಾರಂ, ಒಂದು ವ್ಯೂ ಪುಟ, ಪ್ಲಗಿನ್ ಹೆಸರಿನದೇ ಮುಖ್ಯ ಟೇಬಲ್ ಇಷ್ಟು ಇಲ್ಲದೆ ಅದು ನಿಲ್ಲುವುದಿಲ್ಲ. ಹೆಸರಿನಲ್ಲಿ ಅಂಡರ್‌ಸ್ಕೋರ್ ಬರುವಂತಿಲ್ಲ. ಬೇರೆ ಬಗೆಗಳಲ್ಲಿ ಬರಬಹುದು, ಆಕ್ಟಿವಿಟಿಯಲ್ಲಿ ಮಾತ್ರ ಇಲ್ಲ. ಬರೆಸುವವರು ಮರೆಯದೆ ಕೇಳಬೇಕಾದದ್ದು ಬ್ಯಾಕಪ್ ಭಾಗ. ಅದಿಲ್ಲದಿದ್ದರೂ ಪ್ಲಗಿನ್ ಚೆನ್ನಾಗಿಯೇ ಓಡುತ್ತದೆ, ಡೆಮೊದಲ್ಲಿ ಯಾರಿಗೂ ತಿಳಿಯುವುದಿಲ್ಲ. ಮುಂದಿನ ಸೆಮಿಸ್ಟರ್‌ಗೆ ಹಳೆಯ ಕೋರ್ಸನ್ನು ಕಾಪಿ ಮಾಡಿದಾಗ ಆ ಆಕ್ಟಿವಿಟಿ ಒಂದೇ ಮಾಯವಾಗಿರುತ್ತದೆ. ಹಾಗಾಗಿ ಡೆಮೊ ದಿನವೇ ‘ಈ ಕೋರ್ಸನ್ನು ಕಾಪಿ ಮಾಡಿ ತೋರಿಸಿ’ ಎನ್ನಿ.

ಬ್ಲಾಕ್ (ಪುಟದ ಪಕ್ಕದಲ್ಲಿ ಕೂರುವ ಪೆಟ್ಟಿಗೆ) ನೋಡಲು ಚೆಂದ, ಬರೆಯಲೂ ಸುಲಭ, ಒಂದು ಕ್ಲಾಸು, ಎರಡು ಫಂಕ್ಷನ್. ಆದರೆ 4.0 ನಂತರದ ಬೂಸ್ಟ್ ಥೀಮಿನಲ್ಲಿ ಬ್ಲಾಕ್‌ಗಳು ಬಲಗಡೆಯ ಡ್ರಾಯರ್ ಒಳಗೆ ಕೂರುತ್ತವೆ, ಮೊಬೈಲಿನಲ್ಲಿ ಆ ಡ್ರಾಯರ್ ಮುಚ್ಚಿಯೇ ಇರುತ್ತದೆ. ಜಗಳೂರು, ಚಳ್ಳಕೆರೆ ಕಡೆಯಿಂದ ಬಸ್ಸಿನಲ್ಲಿ ಓಡಾಡುತ್ತ ಫೋನಿನಲ್ಲೇ ಎಲ್ಲ ನೋಡುವ ವಿದ್ಯಾರ್ಥಿಗೆ ‘ಫೀಸ್ ಬಾಕಿ’ ಬ್ಲಾಕ್ ಕಣ್ಣಿಗೇ ಬೀಳುವುದಿಲ್ಲ. ಮೂಡಲ್ ಆ್ಯಪ್ ಬಳಸುವವರಾದರೆ ಇನ್ನೂ ಕಷ್ಟ: ಹೊಸದಾಗಿ ಬರೆದ ಬ್ಲಾಕಾಗಲಿ, ಆಕ್ಟಿವಿಟಿಯಾಗಲಿ ಆ್ಯಪ್‌ನಲ್ಲಿ ತಾನಾಗಿ ಬರುವುದಿಲ್ಲ, ಮೊಬೈಲ್‌ಗೆಂದೇ ಬೇರೆ ಭಾಗ ಬರೆದಿರಬೇಕು. ಬರೆಯದಿದ್ದರೆ ಆಕ್ಟಿವಿಟಿ ತೆರೆದಾಗ ‘ಬ್ರೌಸರ್‌ನಲ್ಲಿ ನೋಡಿ’ ಎಂದು ಹೊರಗೆ ಕಳಿಸುತ್ತದೆ. ನೆಟ್‌ವರ್ಕ್ ಇಲ್ಲದ ಕಡೆ ಓದಲು ಪಾಠ ಇಳಿಸಿಟ್ಟುಕೊಂಡವರಿಗೆ ಅದು ಇದ್ದೂ ಇಲ್ಲದಂತೆ. ಡ್ಯಾಶ್‌ಬೋರ್ಡ್ ಬ್ಲಾಕ್‌ನಲ್ಲಿ ಭಾರಿ ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಹಾಕಿದ್ದರೆ, ಲ್ಯಾಬಿನಲ್ಲಿ 60 ಜನ ಒಟ್ಟಿಗೆ ಲಾಗಿನ್ ಆದಾಗ ಅದು 60 ಸಲ ಓಡುತ್ತದೆ. ಬ್ಲಾಕ್‌ನಲ್ಲಿ ತೋರಿಸುವ ಲೆಕ್ಕವನ್ನು ಕ್ಯಾಷ್‌ನಲ್ಲಿ (ಒಮ್ಮೆ ಲೆಕ್ಕ ಹಾಕಿ ಎತ್ತಿಟ್ಟುಕೊಳ್ಳುವ ಜಾಗದಲ್ಲಿ) ಇಡಲೇಬೇಕು.

ಫಿಲ್ಟರ್ ಎಂಬ ಪ್ಲಗಿನ್ ಬಗೆಯ ಕುರಿತು ಇರುವ ತಪ್ಪು ತಿಳಿವಳಿಕೆ ಕನ್ನಡದ ಕಾಲೇಜುಗಳಿಗೆ ನೇರವಾಗಿ ತಟ್ಟುತ್ತದೆ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿಟ್ಟ ನೋಟ್ಸನ್ನು ಹಾಗೆಯೇ ಅಂಟಿಸಿದರೆ ಪುಟದ ತುಂಬ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತದೆ. ‘ತೋರಿಸುವಾಗ ಯೂನಿಕೋಡ್‌ಗೆ ಬದಲಿಸುವ ಫಿಲ್ಟರ್ ಬರೆಯೋಣ’ ಎಂಬ ಉಪಾಯ ಜಾಣತನದಂತೆ ಕೇಳಿಸುತ್ತದೆ. ಫಿಲ್ಟರ್ ಬದಲಿಸುವುದು ಪರದೆಯ ಮೇಲಿನ ಪಠ್ಯವನ್ನು ಮಾತ್ರ. ಡೇಟಾಬೇಸಿನಲ್ಲಿ ಗೋಜಲು ಗೋಜಲಾಗಿಯೇ ಉಳಿಯುತ್ತದೆ. ಹುಡುಕಿದರೆ ಸಿಗದು, ಪ್ರಶ್ನೆಯ ಉತ್ತರಕ್ಕೆ ಹೋಲಿಸಿದರೆ ಹೊಂದದು. ಜೊತೆಗೆ ಅದು ಸೈಟಿನ ಪ್ರತಿ ಪಠ್ಯದ ಮೇಲೂ ಓಡುತ್ತದೆ. ಕನ್ವರ್ಟರ್‌ನಲ್ಲಿ ಬದಲಿಸಿ ಆಮೇಲೆ ಅಂಟಿಸುವುದೇ ದಾರಿ. ಫಿಲ್ಟರ್ ಸರಿಹೊಂದುವುದು ಮೂಡಲ್ ಜೊತೆಗೇ ಬರುವ ಮಲ್ಟಿಲ್ಯಾಂಗ್‌ನಂಥ ಕೆಲಸಕ್ಕೆ: ಒಂದೇ ಪುಟದಲ್ಲಿ ಕನ್ನಡ, ಇಂಗ್ಲಿಷ್ ಎರಡನ್ನೂ ಇಟ್ಟು ಓದುಗರ ಭಾಷೆಗೆ ತಕ್ಕಂತೆ ಒಂದನ್ನು ತೋರಿಸುವುದು. ಕೋರ್ಸ್ ಹೆಸರಿನಲ್ಲಿ ಮಾತ್ರ ಎರಡೂ ಭಾಷೆ ಒಟ್ಟಿಗೆ ಕಾಣುತ್ತಿದ್ದರೆ, ಆ ಫಿಲ್ಟರ್ ‘ಕಂಟೆಂಟ್’ಗೆ ಮಾತ್ರ ಹಚ್ಚಿದೆ ಎಂದರ್ಥ. ‘ಕಂಟೆಂಟ್ ಮತ್ತು ಹೆಡಿಂಗ್ಸ್’ ಮಾಡಿ.

ಕನ್ನಡದ ಮಾತು ಬಂದಿತಾದ್ದರಿಂದ ಪ್ರಶ್ನೆ ಬಗೆಯ ಪ್ಲಗಿನ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಬಿ.ಎಡ್., ಕನ್ನಡ ಐಚ್ಛಿಕ, ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿ ನಡೆಸುವವರಿಗೆ ಕಿರು ಉತ್ತರದ ಪ್ರಶ್ನೆ ಬೇಕೇ ಬೇಕು. ಅಲ್ಲಿ ಸರಿಯಾಗಿ ಬರೆದವರಿಗೂ ಸೊನ್ನೆ ಬೀಳುವುದುಂಟು. ಕಾರಣ ಕಣ್ಣಿಗೆ ಕಾಣದ ಒಂದು ಅಕ್ಷರ. ‘ಸಾಫ್ಟ್‌ವೇರ್’ ಎಂದು ಬರೆಯಲು ‘ಟ್’ ಬಿಡಿಯಾಗಿ ನಿಂತು ‘ವೇ’ ಜೊತೆ ಬೆಸೆಯದಿರಬೇಕಾದರೆ ನಡುವೆ ಶೂನ್ಯ ಅಗಲದ ನಾನ್‌ಜಾಯ್ನರ್ ಬರುತ್ತದೆ. ಮೇಷ್ಟ್ರ ಕೀಬೋರ್ಡ್ ಅದನ್ನು ಹಾಕಿರುತ್ತದೆ, ವಿದ್ಯಾರ್ಥಿಯ ಫೋನ್ ಹಾಕಿರುವುದಿಲ್ಲ. ಇಲ್ಲವೇ ಉತ್ತರದ ಕೊನೆಯ ಅರ್ಧಾಕ್ಷರದ ಹಿಂದೆ ಅದು ಅಂಟಿಕೊಂಡು ಕೂತಿರುತ್ತದೆ. ‘ೊ’ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, ಎರಡು ತುಂಡಾಗಿಯೂ ಬರೆಯಬಹುದು. ಆ ವ್ಯತ್ಯಾಸವನ್ನು ಮೂಡಲ್ ಯೂನಿಕೋಡ್ ನಾರ್ಮಲೈಸ್ ಮಾಡಿ, ಅಂದರೆ ಎರಡನ್ನೂ ಒಂದೇ ರೂಪಕ್ಕೆ ತಂದು ಸರಿಪಡಿಸಿಕೊಳ್ಳುತ್ತದೆ. ನಾನ್‌ಜಾಯ್ನರ್ ಮತ್ತು ಅದರಂತೆಯೇ ಕಣ್ಣಿಗೆ ಕಾಣದ ಜಾಯ್ನರ್ ಎರಡನ್ನೂ ನಾರ್ಮಲೈಸೇಷನ್ ತೆಗೆಯುವುದಿಲ್ಲ.

ತಾತ್ಕಾಲಿಕ ಪರಿಹಾರ ಇದೆ. ಉತ್ತರದ ಪೆಟ್ಟಿಗೆಯಲ್ಲಿ ಎರಡೂ ರೂಪಗಳನ್ನು ಬೇರೆ ಬೇರೆ ಸಾಲಿನಲ್ಲಿ ಕೊಟ್ಟು ಎರಡಕ್ಕೂ ಶೇ 100 ಹಾಕಬಹುದು. ಅಥವಾ ‘ಸಾಫ್ಟ್*ವೇರ್’ ಎಂದು ನಡುವೆ ನಕ್ಷತ್ರ ಇಡಬಹುದು. ನಕ್ಷತ್ರದ ಜಾಗದಲ್ಲಿ ಏನಿದ್ದರೂ, ಏನಿಲ್ಲದಿದ್ದರೂ ಒಪ್ಪಿಕೊಳ್ಳುತ್ತದೆ, ಬೇಡದ್ದನ್ನೂ ಒಪ್ಪಿಕೊಳ್ಳಬಹುದು ಎಂಬ ಅರಿವಿರಲಿ. ತಿದ್ದಿದ ಮೇಲೆ ಫಲಿತಾಂಶದ ಪುಟದಲ್ಲಿ ರೀಗ್ರೇಡ್ (ಮತ್ತೆ ಅಂಕ ಹಾಕು) ಒತ್ತದಿದ್ದರೆ ಹಳೆಯ ಸೊನ್ನೆಗಳು ಹಾಗೆಯೇ ಉಳಿಯುತ್ತವೆ.

ನೂರಾರು ಪ್ರಶ್ನೆಗಳಿದ್ದರೆ ಪ್ಲಗಿನ್ ಬರೆಯುವುದು ಲಾಭ. ಇಲ್ಲಿ ಸರಿಯಾದ ಬಗೆ ‘ಕ್ಯೂಟೈಪ್’, ಅಂದರೆ ಪ್ರಶ್ನೆ ಬಗೆ. ಮೊದಲಿನಿಂದ ಬರೆಯಬೇಕಾಗಿಲ್ಲ. ಇರುವ ಕಿರು ಉತ್ತರದ ಕ್ಲಾಸನ್ನೇ ಮುಂದುವರಿಸಿ, ಉತ್ತರ ಹೋಲಿಸುವ ಫಂಕ್ಷನ್ ಒಂದನ್ನು ಬದಲಿಸಿ, ಹೋಲಿಸುವ ಮುನ್ನ ಎರಡೂ ಕಡೆಯಿಂದ ಆ ಎರಡು ಅದೃಶ್ಯ ಅಕ್ಷರಗಳನ್ನು ಕಿತ್ತುಹಾಕಿದರೆ ಮೂಲ ಕೆಲಸ ಆಯಿತು. ಡಿಫರ್ಡ್ ಫೀಡ್‌ಬ್ಯಾಕ್, ಅಡಾಪ್ಟಿವ್ ಮುಂತಾದ ನಡವಳಿಕೆಗಳು (ಉತ್ತರಕ್ಕೆ ಪ್ರತಿಕ್ರಿಯೆ ಯಾವಾಗ, ಹೇಗೆ ಎಂಬ ಕ್ರಮಗಳು), ಕ್ವಿಜ್, ರೀಗ್ರೇಡ್ ಎಲ್ಲ ಹಾಗೆಯೇ ಸಿಗುತ್ತವೆ. ಇದನ್ನೇ ಲೋಕಲ್ ಪ್ಲಗಿನ್‌ನಲ್ಲಿ ಮಾಡಲು ಹೋಗಿ, ಕ್ವಿಜ್ ಸಬ್‌ಮಿಟ್ ಆದ ಮೇಲೆ ಡೇಟಾಬೇಸಿನಲ್ಲಿ ಅಂಕ ತಿದ್ದುವ ಕೋಡ್ ಬರೆದರೆ, ಯಾರಾದರೂ ರೀಗ್ರೇಡ್ ಒತ್ತಿದ ಕೂಡಲೇ ತಿದ್ದಿದ್ದೆಲ್ಲ ಅಳಿಸಿ ಹಳೆಯ ಅಂಕ ಮರಳುತ್ತದೆ.

ಫೀಸಿನ ವಿಷಯದಲ್ಲಿ ಮೂರು ಬಗೆಗಳು ಕಲಸುಮೇಲೋಗರವಾಗುತ್ತವೆ. ಅಥೆಂಟಿಕೇಷನ್ ಎಂದರೆ ನೀವು ಯಾರು ಎಂಬುದು. ಎನ್‌ರೋಲ್‌ಮೆಂಟ್ ಎಂದರೆ ಯಾವ ಕೋರ್ಸಿಗೆ ಪ್ರವೇಶ ಎಂಬುದು. ಪೇಮೆಂಟ್ ಗೇಟ್‌ವೇ ಎಂದರೆ ದುಡ್ಡು ಹೋಗುವ ದಾರಿ. ಫೀಸ್ ಕಟ್ಟದವರ ಲಾಗಿನ್ನನ್ನೇ ತಡೆದರೆ ಅವರು ಫೀಸ್ ಕಟ್ಟುವ ಪುಟವನ್ನೂ ನೋಡಲಾರರು. 3.10ರಿಂದ ಪೇಮೆಂಟ್ ಗೇಟ್‌ವೇ ಪ್ರತ್ಯೇಕ ಬಗೆಯಾಗಿದೆ. ಶುಲ್ಕದ ಎನ್‌ರೋಲ್‌ಮೆಂಟ್ ಮೂಡಲ್ ಜೊತೆಗೇ ಬರುತ್ತದೆ, ಯಾವ ಗೇಟ್‌ವೇ ಜೊತೆಗಾದರೂ ಹೊಂದಿಕೊಳ್ಳುತ್ತದೆ. ಜೊತೆಗೆ ಬರುವ ಪೇಪಾಲ್ ನಮಗೆ ಉಪಯೋಗವಿಲ್ಲ, ಭಾರತದೊಳಗಿನ ಪಾವತಿಯನ್ನು ಅವರು 2021ರ ಏಪ್ರಿಲ್‌ನಲ್ಲೇ ನಿಲ್ಲಿಸಿದ್ದಾರೆ. ಯುಪಿಐ ಬೇಕಿದ್ದರೆ ಗೇಟ್‌ವೇ ಒಂದನ್ನು ಬರೆಸಿ ಸಾಕು, ಉಳಿದದ್ದು ಸಿದ್ಧವಿದೆ.

ಎಸ್‌ಎಂಎಸ್‌ಗೂ ಅದೇ ಬುದ್ಧಿ. ವಿದ್ಯಾರ್ಥಿಗೆ ಸೂಚನೆ ಕಳಿಸುವುದಾದರೆ ಮೆಸೇಜ್ ಪ್ರೊಸೆಸರ್ ಬಗೆ ಆರಿಸಿ. ಯಾವ ಸೂಚನೆ ಎಸ್‌ಎಂಎಸ್‌ನಲ್ಲಿ, ಯಾವುದು ಮೇಲ್‌ನಲ್ಲಿ ಎಂದು ಆರಿಸುವ ಪುಟ ತಾನಾಗಿ ಸಿಗುತ್ತದೆ. ಇಲ್ಲಿ ಎಡವುವುದು ಬೇರೆ ಕಡೆ: ನಮ್ಮಲ್ಲಿ ಎಸ್‌ಎಂಎಸ್ ಪಠ್ಯ ಡಿಎಲ್‌ಟಿಯಲ್ಲಿ (ಟೆಲಿಕಾಂ ಕಂಪನಿಗಳ ನೋಂದಣಿ ವ್ಯವಸ್ಥೆಯಲ್ಲಿ) ನೋಂದಾಯಿಸಿದ ಟೆಂಪ್ಲೇಟ್‌ಗೆ ಹೊಂದಬೇಕು. ಮೂಡಲ್ ಹುಟ್ಟಿಸುವ ಪಠ್ಯ ಪ್ರತಿ ಸಲ ಬೇರೆ, ಹಾಗೆಯೇ ಕಳಿಸಿದರೆ ದಾರಿಯಲ್ಲೇ ಬಿದ್ದುಹೋಗುತ್ತದೆ. ಯಾವ ಸೂಚನೆಗೆ ಯಾವ ಟೆಂಪ್ಲೇಟ್ ಎಂಬ ಪಟ್ಟಿ ಪ್ಲಗಿನ್‌ನೊಳಗೇ ಇರಬೇಕು. ಕನ್ನಡದಲ್ಲಿ ಒಂದು ಎಸ್‌ಎಂಎಸ್‌ಗೆ 70 ಅಕ್ಷರ, ಇಂಗ್ಲಿಷಿನಂತೆ 160 ಅಲ್ಲ, ದುಡ್ಡಿನ ಲೆಕ್ಕ ಹಾಕುವಾಗ ನೆನಪಿರಲಿ.

ಹಾಗಾದರೆ ಲೋಕಲ್ ಯಾವುದಕ್ಕೆ? ಬೇರೆ ಯಾವ ಬಗೆಗೂ ಒಗ್ಗದ ಕೆಲಸಕ್ಕೆ. ಆಫೀಸಿನ ಫೀಸ್ ಸಾಫ್ಟ್‌ವೇರಿಗೆ ಒಂದು ವೆಬ್ ಸರ್ವೀಸ್ ಕೊಡುವುದು, ರಾತ್ರಿ ಅಂಕಗಳನ್ನು ಎಕ್ಸಾಮ್ ಸೆಕ್ಷನ್‌ನ ಫೈಲಿಗೆ ಸಾಗಿಸುವುದು, ಯಾರಾದರೂ ಕೋರ್ಸಿಗೆ ಸೇರಿದಾಗ ಇನ್ನೊಂದು ವ್ಯವಸ್ಥೆಗೆ ತಿಳಿಸುವುದು ಇಂಥವು. ಇಲ್ಲಿಯೂ ಒಂದು ಬಲೆ ಇದೆ. ಈವೆಂಟ್ ಅಬ್ಸರ್ವರ್ (ಏನಾದರೂ ನಡೆದ ಕೂಡಲೇ ಎಚ್ಚೆತ್ತುಕೊಳ್ಳುವ ಕೋಡ್) ಓಡುವುದು ವಿದ್ಯಾರ್ಥಿಯ ಕ್ಲಿಕ್ಕಿನ ಒಳಗೇ. ಕ್ವಿಜ್ ಸಬ್‌ಮಿಟ್ ಆದಾಗ ಅಬ್ಸರ್ವರ್ ಹೊರಗಿನ ಸರ್ವರಿಗೆ ಕಾಯುತ್ತ ನಿಂತರೆ, ಪರದೆಯ ಮುಂದೆ ವಿದ್ಯಾರ್ಥಿಯೂ ಕಾಯುತ್ತಾನೆ, ಗಾಬರಿಯಲ್ಲಿ ಮತ್ತೆ ಮತ್ತೆ ಒತ್ತುತ್ತಾನೆ. ಅಬ್ಸರ್ವರ್ ಒಂದು ಅಡ್‌ಹಾಕ್ ಟಾಸ್ಕನ್ನು (ಆಮೇಲೆ ಮಾಡುವ ಕೆಲಸವನ್ನು) ಸಾಲಿಗೆ ಸೇರಿಸಿ ಮರಳಬೇಕು, ಕೆಲಸವನ್ನು ಕ್ರಾನ್, ಅಂದರೆ ಸರ್ವರ್ ಹಿನ್ನೆಲೆಯಲ್ಲಿ ಆಗಾಗ ಓಡಿಸುವ ಪ್ರೋಗ್ರಾಂ, ಮಾಡಬೇಕು. ಕ್ರಾನ್ ನಿಮಿಷಕ್ಕೊಮ್ಮೆ ಓಡಬೇಕು. ಅಗ್ಗದ ಶೇರ್ಡ್ ಹೋಸ್ಟಿಂಗ್‌ನಲ್ಲಿ ಅದಕ್ಕೆ ಅವಕಾಶ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಹಾಕುವಾಗ ಬರುವ ಸಣ್ಣಪುಟ್ಟ ಕಿರಿಕಿರಿಗಳು ಕೆಲವಿವೆ. ಜಿಪ್ ಒಳಗಿನ ಫೋಲ್ಡರ್‌ಗೆ ಪ್ಲಗಿನ್‌ನ ಹೆಸರೇ ಇರಬೇಕು. ಗಿಟ್‌ಹಬ್‌ನಿಂದ ಇಳಿಸಿದರೆ ಹಿಂದೆ ಬ್ರಾಂಚಿನ ಹೆಸರು ಅಂಟಿರುತ್ತದೆ, ತೆಗೆಯಿರಿ. ಪರ್ಮಿಷನ್, ಟಾಸ್ಕ್, ಈವೆಂಟ್ ಫೈಲುಗಳನ್ನು ತಿದ್ದಿದರೆ ವರ್ಷನ್ ಸಂಖ್ಯೆ ಏರಿಸಲೇಬೇಕು, ಇಲ್ಲದಿದ್ದರೆ ಮೂಡಲ್ ಅದನ್ನು ಓದುವುದೇ ಇಲ್ಲ. ತಾರೀಖಿನ ಎಂಟು ಅಂಕಿ, ಮುಂದೆ ಎರಡು ಅಂಕಿ, ಅದು ಎಂದೂ ಇಳಿಯಬಾರದು. ರಿಪೋರ್ಟಿನಲ್ಲಿ ಸಾಲುಗಳು ಕಡಿಮೆ ಬರುತ್ತಿದ್ದರೆ ಕ್ವೆರಿಯ ಮೊದಲ ಕಾಲಂ ನೋಡಿ. ಮೂಡಲ್ ಅದನ್ನೇ ಕೀ ಆಗಿ ಬಳಸುತ್ತದೆ, ಒಂದೇ ಯೂಸರ್ ಐಡಿ ಐದು ಸಾಲಿನಲ್ಲಿದ್ದರೆ ಕೊನೆಗೆ ಉಳಿಯುವುದು ಒಂದೇ ಸಾಲು. ಡೆವಲಪರ್ ಡೀಬಗ್ಗಿಂಗ್ ಹಚ್ಚಿದ್ದರೆ ಎಚ್ಚರಿಕೆ ಕೊಡುತ್ತದೆ, ಇಲ್ಲದಿದ್ದರೆ ಸುಮ್ಮನೆ ನುಂಗುತ್ತದೆ.

ಆವೃತ್ತಿಯ ಮಾತು. ಕಾಲೇಜಿಗೆ 4.5 ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಸಿಗುವ ಆವೃತ್ತಿ) ಒಳ್ಳೆಯದು, 2027ರ ಅಕ್ಟೋಬರ್‌ವರೆಗೆ ಭದ್ರತಾ ತಿದ್ದುಪಡಿ ಇದೆ. 5.1ರಲ್ಲಿ ಕೋಡ್ ‘ಪಬ್ಲಿಕ್’ ಎಂಬ ಫೋಲ್ಡರಿನೊಳಗೆ ಹೋಗಿದೆ, ಪ್ಲಗಿನ್‌ಗಳನ್ನೂ ಅಲ್ಲೇ ಹಾಕಬೇಕು, ವೆಬ್ ಸರ್ವರ್ ಅದನ್ನೇ ತೋರಿಸುವಂತಿರಬೇಕು. ಫೈಲಿನ ದಾರಿಯನ್ನು ಕೈಯಿಂದ ಬರೆದಿಟ್ಟ ಪ್ಲಗಿನ್‌ಗಳು ಅಲ್ಲಿ ಮುಗ್ಗರಿಸುತ್ತವೆ.

ಬರೆಸಿದ್ದು ಬೇಡವಾದಾಗ ಫೋಲ್ಡರ್ ಅಳಿಸಿ ಸುಮ್ಮನಾಗಬೇಡಿ. ಪ್ಲಗಿನ್ ಪಟ್ಟಿಯಲ್ಲಿ ‘ಡಿಸ್ಕ್‌ನಲ್ಲಿಲ್ಲ’ ಎಂಬ ಸೂಚನೆ ನಿಲ್ಲುತ್ತದೆ, ಟೇಬಲ್‌ಗಳು ಹಾಗೆಯೇ ಇರುತ್ತವೆ. ಅದೇ ಫೋಲ್ಡರ್ ವಾಪಸ್ ಇಟ್ಟರೆ ಮತ್ತೆ ಸರಿಹೋಗುತ್ತದೆ. ಅಡ್ಮಿನ್ ಪುಟದಿಂದ ಅನ್‌ಇನ್‌ಸ್ಟಾಲ್ ಒತ್ತಿದರೆ ಮಾತ್ರ ಮಾಹಿತಿಯೂ ಹೋಗುತ್ತದೆ, ಆಕ್ಟಿವಿಟಿ ಆಗಿದ್ದರೆ ಎಲ್ಲ ಕೋರ್ಸಿನಿಂದಲೂ, ಗ್ರೇಡ್‌ಬುಕ್‌ನ ಕಾಲಂ ಸಮೇತ. ಸೆಮಿಸ್ಟರ್ ನಡುವೆ ಆ ಗುಂಡಿ ಮುಟ್ಟುವ ಮುಂಚೆ ಡೇಟಾಬೇಸ್ ಡಂಪ್ (ಪೂರ್ತಿ ನಕಲು) ಒಂದು ತೆಗೆದಿಟ್ಟುಕೊಳ್ಳಿ.